ಹುಡುಗರ ಬಾವಿ

"ಗುರುಗಳೇ, ನಾವು ಕಟ್ಟಿದ್ದನ್ನು ಜನ ಕೆಡಿಸುತ್ತಲೇ ಇದ್ದರೆ, ಎಷ್ಟು ದಿನ ಅಂತ ಕಟ್ಟುತ್ತಾ ಇರಬೇಕು?" ಎಂದು ಚನ್ನವೀರ ಕೇಳಿದ.

ಅವನು ಮಠದ ಶಿಷ್ಯ. ಮಠದ ಕೆಳಗಿನ ಕೇರಿಯಲ್ಲಿ ಪಾಳು ಬಿದ್ದಿದ್ದ ಒಂದು ಕೊಟ್ಟಿಗೆಯನ್ನು ತನ್ನ ಓರಗೆಯ ಹುಡುಗರನ್ನು ಕೂಡಿಸಿಕೊಂಡು ಸಾರಿಸಿ, ಸುಣ್ಣ ಬಳಿದು, ಮಕ್ಕಳು ಕುಳಿತು ಓದುವ ಮನೆ ಮಾಡಿದ್ದ. ಅದರ ಬೀಗದ ಕೈ ಸದಾ ಅವನ ಉಡಿದಾರದಲ್ಲೇ ಇರುತ್ತಿತ್ತು. ಅಂದು ಬೆಳಿಗ್ಗೆ ಹೋಗಿ ನೋಡಿದರೆ ಯಾರೋ ಅದರ ಜಗಲಿಗೆ ಮೇಕೆ ಕಟ್ಟಿದ್ದರು. ಹೊಸ ಸುಣ್ಣದ ಮೇಲೆ ಎಲೆಅಡಿಕೆ ಉಗಿದಿದ್ದರು. ಅವನಿಗೆ ಅಳುವೂ ಬಂದಿತ್ತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂದಿತ್ತು.

"ಕೂತುಕೋ," ಎಂದರು ಗುರುಗಳು. "ಆ ಸಿಟ್ಟನ್ನೂ ಪಕ್ಕದಲ್ಲೇ ಕೂರಿಸಿಕೋ, ಅದೂ ಕೇಳಲಿ." ಹೀಗೆಂದು ಅವರು ಕತೆ ಶುರುಮಾಡಿದರು.

ಒಂದು ಊರಿನ ಅಂಚಿನಲ್ಲಿ ಕಂಬಳಿ ನೇಯುವವರ ಕೇರಿಯಿತ್ತು. ಕೇರಿಗೆಲ್ಲ ಒಂದೇ ಬಾವಿ. ಕುಡಿಯುವುದಕ್ಕೂ ಅದೇ ನೀರು, ಉಣ್ಣೆ ತೊಳೆಯುವುದಕ್ಕೂ ಅದೇ ನೀರು. ನೂಲು ಗಟ್ಟಿಯಾಗಲೆಂದು ಹಚ್ಚುವ ಹುಣಸೆ ಬೀಜದ ಗಂಜಿಯ ಮಡಕೆಗಳನ್ನು ಹೆಂಗಸರು ಬಾವಿಯ ಕಟ್ಟೆಯ ಮೇಲೆಯೇ ತೊಳೆಯುತ್ತಿದ್ದರು. ತೊಳೆದ ನೀರು ಎಲ್ಲಿಗೆ ಹೋಗಬೇಕು? ಬಂದಲ್ಲಿಗೇ ಹೋಯಿತು. ಬಾವಿ ನಾರತೊಡಗಿತು. ಆ ನೀರಿನಲ್ಲಿ ತೊಳೆದ ಕಂಬಳಿಯೂ ನಾರಿತು. ಸಂತೆಯಲ್ಲಿ ಕಂಬಳಿಯನ್ನು ಕೈಗೆತ್ತಿಕೊಂಡವರು ಮೂಗಿನ ಹತ್ತಿರ ತಂದು, ಮಡಿಸಿ ಕೆಳಗಿಟ್ಟು ಮುಂದೆ ಹೋದರು. ಮಕ್ಕಳಿಗೆ ಭೇದಿ ಹತ್ತಿತು. ಒಂದೊಂದೇ ಮನೆಗೆ ಬೀಗ ಬಿತ್ತು.

ಆ ಕೇರಿಯಲ್ಲಿ ಬೀರ ಎಂಬ ಹುಡುಗನಿದ್ದ. ಆಗತಾನೇ ಮೀಸೆ ಚಿಗುರಿತ್ತು. ಒಂದು ದಿನ ಅವನ ತಾಯಿ, "ಈ ಬೇಸಿಗೆಗೆ ನೀರು ಸರಿಹೋದರೆ ಸರಿ, ಇಲ್ಲವಾದರೆ ನಾವೂ ಮಗ್ಗ ಬಿಚ್ಚಿಕೊಂಡು ಹೊರಡುವುದೇ" ಎಂದಳು. ಮಗ್ಗ ಬಿಚ್ಚುವ ಮಾತು ಕೇಳಿ ಬೀರ ಉಣ್ಣುತ್ತಿದ್ದ ಮುದ್ದೆಯನ್ನು ಬಿಟ್ಟು ಎದ್ದ. ಅವನು ಹುಟ್ಟಿದಂದಿನಿಂದ ಆ ಮಗ್ಗದ ಸದ್ದಿಗೇ ಎದ್ದವನು, ಆ ಸದ್ದಿಗೇ ಮಲಗಿದವನು.

ಮರುದಿನವೇ ಅವನು ಕೇರಿಯ ಹುಡುಗರನ್ನು ಕೂಡಿಸಿದ. ಎಲ್ಲರೂ ಬಾವಿಗಿಳಿದು ಹೂಳೆತ್ತಿದರು. ಕಟ್ಟೆಯ ಕಲ್ಲು ಕಲ್ಲನ್ನೂ ತಿಕ್ಕಿ ತೊಳೆದರು. ಮಡಕೆ ತೊಳೆಯಲೆಂದು ಕೇರಿಯ ಆಚೆ ತುದಿಯ ಕಳ್ಳಿಬೇಲಿಯ ಪಕ್ಕ ಒಂದು ಚಪ್ಪಡಿ ಕಲ್ಲು ಹಾಕಿದರು. ಇನ್ನು ಮೇಲೆ ಕಟ್ಟೆಯ ಮೇಲೆ ಮಡಕೆ ತೊಳೆಯಬಾರದು, ಚಪ್ಪಲಿ ಮೆಟ್ಟಿಕೊಂಡು ಕಟ್ಟೆ ಹತ್ತಬಾರದು ಎಂದು ಬೀರ ಮನೆಮನೆಗೆ ಹೋಗಿ ಸಾರಿದ.

ನೀರು ತಿಳಿಯಾಯಿತು. ಕೇರಿಯವರು ಕುಡಿದು ನೋಡಿ, ಭೇಷ್, ಹುಡುಗರು ಗೆದ್ದರು ಎಂದರು. ಅಂದಿನಿಂದ ಅದಕ್ಕೆ ಹುಡುಗರ ಬಾವಿ ಎಂದೇ ಹೆಸರಾಯಿತು. ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ಬೀರ ಎರಡಂಗುಲ ಎತ್ತರವಾಗುತ್ತಿದ್ದ. ನಗಬೇಡ ಚನ್ನವೀರ, ಸುಣ್ಣ ಬಳಿದ ದಿನ ನೀನೂ ಆಗಿದ್ದೆ, ನಾನು ನೋಡಿದ್ದೇನೆ.

ಆದರೆ ಹುಡುಗರ ಬಾವಿ ಎಂದ ಮೇಲೆ ಅದನ್ನು ಗುಡಿಸಬೇಕಾದವರು ಹುಡುಗರೇ ತಾನೆ? ಹೆಂಗಸರು ಮತ್ತೆ ಕಟ್ಟೆಯ ಮೇಲೆ ಮಡಕೆ ಇಟ್ಟರು. ಹೇಗೂ ಹುಡುಗರು ಬರುತ್ತಾರೆ ಬಿಡು ಎಂದು ಗಂಜಿ ಚೆಲ್ಲಿ ಹೋದರು. ಬೆಳಗಾದರೆ ಹುಡುಗರು ತಿಕ್ಕುವುದು, ಸಂಜೆಯಾದರೆ ಕೇರಿಯವರು ಕೆಡಿಸುವುದು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಒಬ್ಬನಿಗೆ ಸೊಂಟ ಹಿಡಿಯಿತು, ಇನ್ನೊಬ್ಬನಿಗೆ ಮಾವನ ಊರಿಗೆ ಹೋಗಬೇಕಾಯಿತು. ಹೀಗೆ ಹುಡುಗರು ಒಬ್ಬೊಬ್ಬರಾಗಿ ಜಾರಿಕೊಂಡರು.

ಕೆಡಿಸುವವರಲ್ಲಿ ಎಲ್ಲರಿಗಿಂತ ಮೊಂಡು ಮಾಳವ್ವ. ನೂಲುವುದರಲ್ಲಿ ಕೇರಿಗೇ ಹಿರಿಯಳು. ಕೈ ಎಷ್ಟು ಚುರುಕೋ ಬಾಯಿಯೂ ಅಷ್ಟೇ ಚುರುಕು. ಒಂದು ದಿನ ಬೀರ ಅವಳ ಮಡಕೆಯನ್ನೇ ಹಿಡಿದುಕೊಂಡು ನಿಂತ.

"ಅಜ್ಜಿ, ಅಲ್ಲಿ ಕಲ್ಲು ಹಾಕಿದ್ದೇವಲ್ಲ, ಕಾಣುವುದಿಲ್ಲವೇ?"

"ಕಾಣುತ್ತದೆ ಕಣಪ್ಪ. ಆದರೆ ಆ ಕಳ್ಳಿಬೇಲಿಗೆ ಮಡಕೆ ಹೊತ್ತುಕೊಂಡು ಹೋಗಿ ಬರುವುದರೊಳಗೆ ನನ್ನ ಮೊಣಕಾಲು ಕಳಚಿ ಬೀಳುತ್ತದೆ. ಆ ಕಲ್ಲನ್ನು ತಂದು ಇಲ್ಲೇ ಬೇವಿನ ಮರದ ಕೆಳಗೆ ಹಾಕು. ಇಳಿಜಾರಿದೆ, ನೀರು ಆಚೆಗೆ ಹರಿಯುತ್ತದೆ."

"ಅದನ್ನೆಲ್ಲ ನಾವು ಯೋಚಿಸಿಯೇ ಹಾಕಿದ್ದು. ನೀನು ಗಲೀಜು ಮಾಡದಿದ್ದರೆ ಸಾಕು, ಉಳಿದದ್ದನ್ನು ನಾವು ನೋಡಿಕೊಳ್ಳುತ್ತೇವೆ."

"ಹಾಗೋ? ಹಾಗಾದರೆ ನೀವೇ ನೋಡಿಕೊಳ್ಳಿ" ಎಂದು ಮಾಳವ್ವ ಮಡಕೆಯನ್ನು ಅವನ ಕೈಯಿಂದ ಕಿತ್ತು ಅಲ್ಲೇ ಬಗ್ಗಿಸಿ ನಡೆದಳು.

ಕೊನೆಗೆ ಬೀರ ಒಬ್ಬನೇ ಉಳಿದ. ನೇಯಬೇಕಾದ ಹೊತ್ತೆಲ್ಲ ಬಾವಿಯ ಕಟ್ಟೆಯ ಮೇಲೆ ಕಳೆಯಿತು. ಜನರನ್ನು ಬೈದ, ಕೈಮುಗಿದ, ಮಾತು ಬಿಟ್ಟ. ಯಾವುದೂ ನಾಟಲಿಲ್ಲ. ಹಟ ಮಾತ್ರ ಬೆಳೆಯಿತು. ಒಂದು ದಿನ ಪೊರಕೆಯನ್ನು ಮನೆಯ ಮೂಲೆಗೆ ಒರಗಿಸಿ ಮಲಗಿದವನು ಮರುದಿನ ಏಳಲಿಲ್ಲ. ಚಳಿಜ್ವರ ಹಿಡಿದಿತ್ತು.

ಜ್ವರಕ್ಕಿಂತ ಹೆಚ್ಚಾಗಿ ಅವನನ್ನು ಬಾವಿಯ ಚಿಂತೆ ಸುಟ್ಟಿತು. ಕಣ್ಣು ಮುಚ್ಚಿದರೆ ಕಟ್ಟೆಯ ಮೇಲಿನ ಗಂಜಿ ಕಾಣುತ್ತಿತ್ತು. ತಾನು ಮಲಗಿದ ಒಂದೊಂದು ದಿನವೂ ಮಗ್ಗದ ಒಂದೊಂದು ಗೂಟ ಕಿತ್ತಂತೆ ಅನಿಸುತ್ತಿತ್ತು. ಕನವರಿಕೆಯಲ್ಲೂ ಪೊರಕೆ ಕೇಳುತ್ತಿದ್ದ. ತಾಯಿ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ, "ಹಾಳಾಗಿ ಹೋಗಲಿ ಬಿಡೋ ಆ ಬಾವಿ, ನೀನು ಉಳಿದರೆ ಸಾಕು" ಎಂದು ಅಳುತ್ತಿದ್ದಳು.

ಕೆಲವು ದಿನ ಕಳೆದವು. ಒಂದು ಬೆಳಿಗ್ಗೆ ಮಾಳವ್ವ ನಾಲ್ಕಾರು ಹೆಂಗಸರನ್ನು ಕರೆದುಕೊಂಡು ಬಾಗಿಲಿಗೆ ಬಂದಳು. "ಎಲ್ಲಿ ನಿನ್ನ ಮಗ? ನಿಮ್ಮ ಬಾವಿ ನಾರುತ್ತಿದೆ. ನಾನು ಉಣ್ಣೆ ನೆನೆಹಾಕಬೇಕು" ಎಂದಳು.

ತಾಯಿಗೆ ರೇಗಿಹೋಯಿತು. "ಅವನಿಗೆ ಮೈಮೇಲೆ ಎಚ್ಚರವಿಲ್ಲ. ಪೊರಕೆ ಅಗೋ ಆ ಮೂಲೆಯಲ್ಲಿದೆ. ಮೂಗಾದರೂ ಮುಚ್ಚಿಕೊಳ್ಳಿ, ಪೊರಕೆಯಾದರೂ ಹಿಡಿದುಕೊಳ್ಳಿ" ಎಂದು ಹೇಳಿ ಒಳಗೆ ಹೋದಳು.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಳಗೆ ಹುಡುಗ ನರಳುವುದು ಕೇಳಿಸುತ್ತಿತ್ತು. ಮಾಳವ್ವ ಏನನ್ನೋ ಗೊಣಗುತ್ತಾ ಮೂಲೆಗೆ ಕೈ ಚಾಚಿದಳು. ಇದು ಯಾವುದೂ ಬೀರನಿಗೆ ತಿಳಿಯಲಿಲ್ಲ.

ಜ್ವರ ಬಿಟ್ಟು ಕಣ್ಣು ತೆರೆದಾಗ ಅವನು ಮೊದಲು ನೋಡಿದ್ದು ಆ ಮೂಲೆಯನ್ನು. ಪೊರಕೆ ಇರಲಿಲ್ಲ. ಅದನ್ನೂ ಎತ್ತಿಕೊಂಡು ಹೋದರಲ್ಲ, ಇನ್ನು ಬಾವಿ ಉಳಿದ ಹಾಗೆಯೇ ಎಂದುಕೊಂಡ. ತಾಯಿ ಹಟ್ಟಿಯ ಕಡೆ ಹೋದದ್ದನ್ನು ನೋಡಿ, ಕೋಲೂರಿಕೊಂಡು ಹೊರಟ. ದಾರಿಯುದ್ದಕ್ಕೂ ಅವನು ಮೂಗಿನಿಂದ ವಾಸನೆ ಹುಡುಕುತ್ತಲೇ ನಡೆದ. ವಾಸನೆ ಸಿಗಲಿಲ್ಲ.

ಬೇವಿನ ಮರದ ಕೆಳಗೆ ಹೆಂಗಸರು ಮಡಕೆ ತೊಳೆಯುತ್ತಿದ್ದರು. ಕಳ್ಳಿಬೇಲಿಯ ಪಕ್ಕದಲ್ಲಿದ್ದ ಚಪ್ಪಡಿ ಅಲ್ಲಿಗೆ ಬಂದಿತ್ತು. ಸೊಟ್ಟಗೆ ಕೂತಿತ್ತು. ಸೊಂಟ ಹಿಡಿದಿದೆ ಎಂದು ಜಾರಿಕೊಂಡಿದ್ದ ಹುಡುಗ ಅದರ ಅಡಿಗೆ ಸಣ್ಣ ಕಲ್ಲು ಕೊಡುತ್ತಿದ್ದ. ಬೀರನಿಗೆ ಒಂದು ಕ್ಷಣ ಮೈಯುರಿಯಿತು. ನನ್ನನ್ನು ಒಂದು ಮಾತು ಕೇಳದೆ ಕಲ್ಲು ಎತ್ತಿದವರು ಯಾರು ಎಂದು ಬಾಯಿಗೆ ಬಂತು. ನುಂಗಿಕೊಂಡು, ನೀರು ನೋಡೋಣವೆಂದು ಕಟ್ಟೆ ಹತ್ತಿದ. ನೀರು ತಳ ಕಾಣುವಷ್ಟು ತಿಳಿಯಾಗಿತ್ತು.

"ಏಯ್, ಯಾರದು? ಚಪ್ಪಲಿ ಬಿಟ್ಟು ಹತ್ತು. ನಮ್ಮ ಬಾವಿಯನ್ನು ಏನೆಂದುಕೊಂಡಿದ್ದೀಯ?"

ಬೀರ ತಿರುಗಿ ನೋಡಿದ. ಮಾಳವ್ವ ನಿಂತಿದ್ದಳು. ಅವಳ ಕೈಯಲ್ಲಿ ಅವನ ಪೊರಕೆಯಿತ್ತು, ಅರ್ಧಕ್ಕರ್ಧ ಸವೆದಿತ್ತು. ಬೀರ ತನ್ನ ಕಾಲು ನೋಡಿಕೊಂಡ. ನಿಜ, ಚಪ್ಪಲಿ ಮೆಟ್ಟಿಕೊಂಡೇ ಹತ್ತಿದ್ದ. ಗಂಟಲು ಹರಿಯುವಂತೆ ಅವನೇ ಮನೆಮನೆಗೆ ಸಾರಿದ್ದ ಮಾತು ಅದು. ಆದರೆ ನಮ್ಮ ಬಾವಿ ಎಂಬ ಮಾತನ್ನು ಅವನು ಸಾರಿರಲಿಲ್ಲ.

"ತಪ್ಪಾಯಿತು ಅಜ್ಜಿ" ಎಂದು ಚಪ್ಪಲಿ ಕಳಚಿದ. ಅಲ್ಲೇ ಕುಳಿತುಬಿಟ್ಟ. ಬೈಸಿಕೊಂಡದ್ದಕ್ಕೆ ಅಷ್ಟು ಸುಖವಾದದ್ದು ಅವನಿಗೆ ಅದೇ ಮೊದಲು. ಎದೆಯ ಮೇಲಿದ್ದ ಭಾರವನ್ನು ಯಾರೋ ಎತ್ತಿಕೊಂಡಂತಾಗಿ, ನಗುವೂ ಅಳುವೂ ಒಟ್ಟಿಗೇ ಬಂದವು. ಮಾಳವ್ವ ಆಗಷ್ಟೇ ಗುರುತು ಹಿಡಿದು, ಒಂದು ಕೊಡ ಸೇದಿ ಅವನ ಬೊಗಸೆಗೆ ನೀರು ಬಗ್ಗಿಸಿದಳು. "ಕುಡಿ. ನೀನು ಮಲಗಿದರೆ ಹೊತ್ತೇ ಹುಟ್ಟುವುದಿಲ್ಲ ಅಂದುಕೊಂಡಿದ್ದೆಯಾ?" ಎಂದಳು.

ಅವನು ಹೊಟ್ಟೆ ತುಂಬ ಕುಡಿದ. ಎಷ್ಟೋ ದಿನಗಳ ಮೇಲೆ ಹಸಿವಾಯಿತು. ಮನೆಗೆ ಹೋಗಿ ಉಂಡು, ಮಗ್ಗಕ್ಕೆ ಕುಳಿತ. ಸಂಜೆಯವರೆಗೆ ಬಾವಿಯ ಕಡೆ ತಲೆ ಹಾಕಲಿಲ್ಲ. ಆ ಬೇಸಿಗೆಯಲ್ಲಿ ಕೇರಿಯ ಯಾರೂ ಮಗ್ಗ ಬಿಚ್ಚಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರ ನಿರಾಳವಾಗಿ ಉಸಿರು ಬಿಟ್ಟ. ಪಕ್ಕದಲ್ಲಿ ಕೂರಿಸಿಕೊಂಡಿದ್ದ ಸಿಟ್ಟು ಯಾವಾಗ ಎದ್ದು ಹೋಯಿತೋ ಅವನಿಗೆ ಗೊತ್ತಾಗಲಿಲ್ಲ.

"ಸದ್ಯ, ಬೀರನಿಗೆ ಜ್ವರ ಬಂದದ್ದು ಒಳ್ಳೆಯದೇ ಆಯಿತು ಗುರುಗಳೇ" ಎಂದು ನಕ್ಕ.

ಗುರುಗಳೂ ನಕ್ಕರು. ಆಮೇಲೆ ಅವನ ಸೊಂಟದ ಕಡೆ ನೋಡಿ ಕೇಳಿದರು.

"ನಿನಗೆ ಜ್ವರ ಬಂದ ದಿನ ಆ ಬೀಗದ ಕೈ ಯಾರ ಹತ್ತಿರ ಇರುತ್ತದೆ?"

ಚನ್ನವೀರನ ಕೈ ಉಡಿದಾರಕ್ಕೆ ಹೋಯಿತು.