ಮಾನಪ್ಪನ ಪೆಟ್ಟಿಗೆಯನ್ನು ಪೂಜ್ಯರು ಎತ್ತಲು ಹೋದದ್ದು

ಭಾದ್ರಪದ ಮಾಸದ ಒಂದು ಸೋಮವಾರ ಹುಣಸಿಮಟ್ಟಿ ಮಠದ ಅಡುಗೆಮನೆಯ ಬಾಗಿಲು ಪೂರ್ತಿ ಮುಚ್ಚುವುದನ್ನು ನಿಲ್ಲಿಸಿತು. ಸುದ್ದಿ ಮಧ್ಯಾಹ್ನದೊಳಗೆ ಊರನ್ನೆಲ್ಲ ಸುತ್ತಿತು. ಸಂಜೆಗೆ ಪಕ್ಕದ ಊರು ಮುಟ್ಟುವಾಗ ಅದು ‘ಮಠದ ಬಾಗಿಲು ಬಿತ್ತಂತೆ’ ಎಂದಾಗಿತ್ತು. ರಾತ್ರಿ ಅಲ್ಲಿಂದ ಇಬ್ಬರು ಹಿರಿಯರು ಯಾರಿಗೆ ಪೆಟ್ಟಾಯಿತೆಂದು ವಿಚಾರಿಸಲು ಬಂದರು. ನಡೆದದ್ದು ಇಷ್ಟೇ: ಮಳೆಗೆ ಬಾಗಿಲು ಉಬ್ಬಿ, ಚೌಕಟ್ಟಿನ ಪಕ್ಕ ಬೆಕ್ಕು ನುಸುಳುವಷ್ಟು ಸಂದು ಉಳಿಯಿತು, ಬೆಕ್ಕು ನುಸುಳಿತು, ದಾಸೋಹಕ್ಕೆ ಇಟ್ಟಿದ್ದ ಹಾಲು ಹೋಯಿತು.

ಆಗ ಮಠದಲ್ಲಿದ್ದವರು ಪೂಜ್ಯ ಶ್ರೀ ಅಡವಯ್ಯಜ್ಜನವರು. ಮಠವೆಂದರೆ ಹಿಂದಿನ ಗುರುಗಳ ಗದ್ದುಗೆ, ಅದರ ಮುಂದೆ ಒಂದು ಪಡಸಾಲೆ, ಅಡುಗೆಮನೆ, ಬಾವಿ. ಪೂಜ್ಯರದೆಂದು ಹೇಳಬಹುದಾದ ವಸ್ತುಗಳು ಬೆತ್ತ, ಜೋಳಿಗೆ ಮತ್ತು ಹಿತ್ತಾಳೆಯ ಒಂದು ಬಟ್ಟಲು. ಭಕ್ತರು ಶಾಲು ಹೊದಿಸುತ್ತಿದ್ದರು. ಆ ಶಾಲು ಮುಂದೆ ದನ ಕಾಯುವವರ ಮೈಮೇಲೆ ಕಾಣಿಸುತ್ತಿತ್ತು. ಕೊಟ್ಟ ಭಕ್ತರು ಅದನ್ನು ಗುರುತಿಸದಂತೆ ನಡೆದುಹೋಗುತ್ತಿದ್ದರು. ಪೂಜ್ಯರಿಗೆ ಮಾತು ಕಡಿಮೆ. ಅವರು ಆಡದ ಮಾತುಗಳನ್ನು ಆಡುವುದಕ್ಕೆ ಮಠದಲ್ಲಿ ಪುರಾಣ ಹೇಳುವ ಕೊಟ್ರಯ್ಯನವರಿದ್ದರು.

ಬಾಗಿಲಿನ ವಿಷಯದಲ್ಲೂ ಕೊಟ್ರಯ್ಯನವರು ತಡಮಾಡಲಿಲ್ಲ. "ಇದು ಬಾಗಲಾ ಕೆಟ್ಟಿದ್ದಲ್ಲ," ಎಂದು ಪಡಸಾಲೆಯಲ್ಲಿ ಸೇರಿದ್ದವರಿಗೆ ತಿಳಿಸಿದರು. "ದಾಸೋಹದ ಬಾಗಲಾ ಎಂದೂ ಮುಚ್ಚಬಾರದು ಅಂತ ಅಜ್ಜಾರು ತೋರಿಸಿಕೊಟ್ಟಾರ. ಇದು ಲೀಲಾ."

ಅಡುಗೆ ನೋಡಿಕೊಳ್ಳುತ್ತಿದ್ದ ಬಾಳವ್ವ ಒಳಗಿನಿಂದಲೇ ಕೂಗಿದಳು. "ಆ ಲೀಲಾ ಒಂದು ಕೊಡ ಹಾಲು ಕುಡದು, ಮೀಸಿ ಒರಸ್ಕೊಂಡು ಹೋತ್ರಿ, ಕೊಟ್ರಯ್ಯಾರ. ನಾಳೆ ಬಂದವರಿಗೆ ಮಜ್ಜಿಗಿ ನೀವು ಕೊಡತೀರೇನು?"

ಕೊಟ್ರಯ್ಯನವರು ಇದಕ್ಕೆ ಉತ್ತರವನ್ನು ಶಾಸ್ತ್ರಗಳಲ್ಲಿ ಹುಡುಕುತ್ತಿರುವಾಗ ಪೂಜ್ಯರು ಕಣ್ಣು ತೆರೆದರು.

"ಬಡಿಗ್ಯಾರ್ನ ಕರೀರಿ," ಎಂದರು.

ಬಡಿಗೇರ ಮಾನಪ್ಪ ಮರುದಿನ ಬಂದ. ಅವನಿಗಿಂತ ಮೊದಲು ಅವನ ಪೆಟ್ಟಿಗೆ ಕಾಣಿಸಿತು. ಅದು ಆ ಭಾಗದಲ್ಲೆಲ್ಲ ಹೆಸರುವಾಸಿಯಾದ ಪೆಟ್ಟಿಗೆ. ಮತ್ತಿ ಕಟ್ಟಿಗೆಯದು, ಮೂಲೆಗಳಿಗೆ ಕಬ್ಬಿಣದ ಪಟ್ಟಿ, ಎರಡೂ ಬದಿಗೆ ಹಗ್ಗದ ಹಿಡಿಕೆ. ಒಳಗೇನೂ ಇಲ್ಲದಿದ್ದರೂ ಒಬ್ಬ ಮನುಷ್ಯನಿಗೆ ಸಾಕಾಗುವಷ್ಟು ಭಾರ. ಒಳಗೆ ಎಲ್ಲವೂ ಇತ್ತು. ಅದನ್ನು ಬಲಗಡೆಯ ಹೆಗಲ ಮೇಲೆ ಹೊತ್ತು ಮಾನಪ್ಪ ಊರೂರು ತಿರುಗುತ್ತಿದ್ದ. ಎದುರು ಬಂದವರು ಪಲ್ಲಕ್ಕಿಗೆ ದಾರಿ ಬಿಟ್ಟಂತೆ ಬಿಡುತ್ತಿದ್ದರು. ಬಸ್ಸಿನ ಕಂಡಕ್ಟರರು ಅದಕ್ಕೂ ಬೇರೆ ಟಿಕೆಟ್ ಹರಿಯುತ್ತಿದ್ದರು.

ಮಠಕ್ಕೆ ಬರುವುದು ಅವನ ಸಂಪ್ರದಾಯವಾಗಿರಲಿಲ್ಲ. ಸ್ವಾಮಿಗಳ ಬಗ್ಗೆ ಅವನಿಗೆ ದ್ವೇಷವಿರಲಿಲ್ಲ, ಕೆಲಸವಿರಲಿಲ್ಲ ಅಷ್ಟೇ. ಒಳಗೆ ಬರುವಾಗ ಅವನು ತಲೆ ಬಗ್ಗಿಸಿದ್ದನ್ನು ಕಂಡು ಕೊಟ್ರಯ್ಯನವರಿಗೆ ಸಂತೋಷವಾಯಿತು. ಮಠದ ಹೆಬ್ಬಾಗಿಲು ಗಿಡ್ಡ; ಪೆಟ್ಟಿಗೆ ಹೊತ್ತವರು ಬಗ್ಗದೆ ಬರುವಂತಿಲ್ಲ.

"ಏ ಮಾನಪ್ಪಾ," ಎಂದಳು ಬಾಳವ್ವ, "ಬಾಗಲಾ ರಿಪೇರಿ ಮಾಡಾಕ ಬಂದಿಯೋ, ಮನಿ ಬಿಟ್ಟ ಬಂದಿಯೋ?"

"ಒಂದು ಸಾಮಾನು ಬಿಟ್ಟು ಬಂದ್ರ ಅದೇ ಬೇಕಾಗತೈತಿ, ಯವ್ವಾ."

"ನಮ್ಮ ಬಾಗಲಾ ಒಂದೇ ಐತೋ ತಮ್ಮಾ."

ಪೆಟ್ಟಿಗೆಯನ್ನು ಇಳಿಸುವುದು ಅಷ್ಟು ಸುಲಭವಾಗಲಿಲ್ಲ. ಮಾನಪ್ಪ ಗೋಡೆಗೆ ಒರಗಿ, ಮೊಣಕಾಲು ಮಡಚಿ, ಹಲ್ಲು ಕಚ್ಚಿ ಅದನ್ನು ಕಟ್ಟೆಯ ಮೇಲೆ ಜಾರಿಸಿದ. ಬಳಿಕ ಬಲಗೈ ಹಾಗೆಯೇ ಜೋತುಬಿದ್ದಿತು. ಬಾಳವ್ವ ನೀರು ಕೊಟ್ಟಳು. ಅವನು ಎಡಗೈಯಿಂದ ಇಸಿದುಕೊಂಡ.

"ಕೈಗೇನಾತೋ?"

"ಭುಜದ ಮ್ಯಾಲೆ ಏಳವಲ್ದು. ತಲಿ ಬಾಚ್ಕೊಳ್ಳೂದೂ ಎಡಗೈಲೆ. ಎಣ್ಣಿ ತಿಕ್ಕಿಸಿದೆ, ಪಟ್ಟಿ ಹಾಕ್ಸಿದೆ. ಏನ್ ಮಾಡಿದ್ರೂ ಇಷ್ಟೇ." ಸ್ವಲ್ಪ ಹೊತ್ತು ನೀರು ಕುಡಿದ. "ಇದೇ ಕಡೀ ಕೆಲಸ, ಯವ್ವಾ. ನವಮಿ ಆದಮ್ಯಾಲೆ ಅಕ್ಕಿ ಗಿರಣ್ಯಾಗ ವಾಚಮನ್ ಅಂತ ಬಾ ಅಂದಾರ. ಕುರ್ಚಿ ಕೊಡತಾರಂತ."

ಅವನ ಅಪ್ಪ ಬಡಿಗ, ಅಪ್ಪನ ಅಪ್ಪ ಬಡಿಗ. ಸುತ್ತಲಿನ ಊರುಗಳ ಬಾಗಿಲು, ಕಿಟಕಿ, ತೊಟ್ಟಿಲುಗಳಲ್ಲಿ ಆ ಮನೆತನದ ಕೈಯಿರದಿದ್ದುದು ಕಡಿಮೆ. ಕುರ್ಚಿ ಕೊಡುತ್ತಾರೆ ಎನ್ನುವಾಗ ಮಾನಪ್ಪನ ದನಿಯಲ್ಲಿ ಕುರ್ಚಿಯ ಸಂತೋಷ ಕೇಳಿಸಲಿಲ್ಲ. ಬಾಳವ್ವ ಕೂಡ ತಮಾಷೆ ನಿಲ್ಲಿಸಿದಳು. ಅದು ಮಠದಲ್ಲಿ ಅಪರೂಪದ ಘಟನೆ.

ಆ ಹೊತ್ತಿಗೆ ಪೂಜ್ಯರು ಹೊರಗೆ ಬಂದರು. ಬಾಗಿಲ ಕಡೆ ನೋಡಲಿಲ್ಲ. ನೇರ ಪೆಟ್ಟಿಗೆಯ ಹತ್ತಿರ ಬಂದು ನಿಂತರು. ಬೆತ್ತವನ್ನು ಗೋಡೆಗೆ ಒರಗಿಸಿ, ಬಗ್ಗಿ, ಹಗ್ಗದ ಹಿಡಿಕೆಗೆ ಕೈ ಹಾಕಿದರು.

ಪಡಸಾಲೆಯಲ್ಲಿದ್ದವರೆಲ್ಲ ಎದ್ದು ನಿಂತರು. ಕೊಟ್ರಯ್ಯನವರು ಜಯಘೋಷಕ್ಕೆಂದು ಎರಡೂ ಕೈ ಮೇಲೆತ್ತಿದರು. ಪೂಜ್ಯರು ಎತ್ತಿದರು. ಪೆಟ್ಟಿಗೆ ಏಳಲಿಲ್ಲ. ಇನ್ನೊಂದು ಕೈಯನ್ನೂ ಹಾಕಿ ಎತ್ತಿದರು. ಒಂದು ಮೂಲೆ ಬೆರಳಿನಷ್ಟು ಮೇಲೆದ್ದು ದಡ್ಡೆಂದು ಕೆಳಗೆ ಕೂತಿತು. ಕೊಟ್ರಯ್ಯನವರು ಎತ್ತಿದ ಕೈಗಳಿಂದ ತಲೆ ಕೆರೆದುಕೊಂಡರು.

ಪೂಜ್ಯರು ಪೆಟ್ಟಿಗೆಯ ಪಕ್ಕದಲ್ಲೇ ಕೂತು ಉಸಿರು ತೆಗೆದುಕೊಂಡರು.

"ಭಾಳ ವಜ್ಜಾ ಐತಿ," ಎಂದರು.

ಮಾನಪ್ಪನ ಪೆಟ್ಟಿಗೆಯ ಬಗ್ಗೆ ಜನ ಬಹಳ ಮಾತಾಡಿದ್ದರು. ಅದರಲ್ಲಿ ಇಲ್ಲದ್ದಿಲ್ಲ ಎಂದಿದ್ದರು, ಹೊರುವವನು ಗಟ್ಟಿ ಆಳು ಎಂದಿದ್ದರು. ಅದು ಭಾರವಾಗಿದೆ ಎಂದು ಯಾರೂ ಹೇಳಿರಲಿಲ್ಲ. ಹೆಂಡತಿ ಹೇಳಿದ್ದಳು, ಆದರೆ ಅದನ್ನು ಅವನು ಅಭಿಪ್ರಾಯವೆಂದು ಪರಿಗಣಿಸಿರಲಿಲ್ಲ.

"ಹೌದ್ರಿ, ಅಜ್ಜಾರ," ಎಂದ ಮಾನಪ್ಪ. ಎಡಗೈ ತಾನಾಗಿಯೇ ಬಲಭುಜವನ್ನು ಮುಟ್ಟಿತು.

"ಏನೇನ ಐತಿ, ತಗಿ."

ಮಾನಪ್ಪ ತೆಗೆಯತೊಡಗಿದ. ಕಟ್ಟೆಯ ತುಂಬ ಸಾಮಾನು ಹರಡಿತು. ಉಳಿಗಳೇ ಒಂದು ಸಾಲು. ಹಲ್ಲು ಬಾಗಿದ ಗರಗಸಗಳು, ಹಲಗೆ ಕೀಸುವ ರಂದಗಳು, ತಲೆ ಅಲುಗಾಡುವ ಸುತ್ತಿಗೆಗಳು. ಹೆಚ್ಚಿನವುಗಳಿಗೆ ಕೆಂಪು ಹಳದಿ ಬಣ್ಣದ ಹಿಡಿ. ಪ್ರತಿಯೊಂದರ ಮೇಲೂ ಒಣಗಿದ ವಿಭೂತಿಯ ಗೆರೆ, ಕುಂಕುಮ.

ಪೂಜ್ಯರು ಬಾಯಿ ಮಡಚಿದ ಒಂದು ಉಳಿಯನ್ನು ಕೈಗೆತ್ತಿಕೊಂಡರು. "ಇದು?"

"ಸಂತ್ಯಾಗ ತೊಗೊಂಡಿದ್ರಿ. ಥಳಥಳ ಅಂತಿತ್ತು. ಬಾಯಿ ನಿಂದ್ರೂದಿಲ್ಲ. ಎರಡು ಏಟು ಹೊಡದ್ರ ಮಡಚತೈತಿ."

"ಇದು?"

"ಇದೂ ಹಂಗೇರಿ. ಅದು ಕೆಟ್ಟಮ್ಯಾಲೆ ಇದನ್ನ ತಂದೆ."

"ಮತ್ಯಾಕ ಹೊತ್ತಿ?"

ಮಾನಪ್ಪ ಇಂಥ ಪ್ರಶ್ನೆಯನ್ನು ಒಬ್ಬ ಸ್ವಾಮಿಗಳಿಂದ ನಿರೀಕ್ಷಿಸಿರಲಿಲ್ಲ. "ಖಂಡೇ ಪೂಜಿ ಆಗೇತ್ರಿ ಇವಕ್ಕ. ವರ್ಷಾ ನವಮಿಗೆ ಎಲ್ಲಾ ಸಾಮಾನು ತೊಳದು, ಇಭೂತಿ ಹಚ್ಚಿ, ಕಾಯಿ ಒಡಸ್ತೀವಿ. ಪೂಜಿ ಆತಂದ್ರ ದೇವರಾತ್ರಿ. ದೇವರನ್ನ ಹೆಂಗ ಒಗೀಲಿ?"

ಕೊಟ್ರಯ್ಯನವರು ಗಂಭೀರವಾಗಿ ತಲೆಯಾಡಿಸಿದರು. ಇದರಲ್ಲಿ ತಪ್ಪು ಹುಡುಕುವಂಥದ್ದು ಅವರಿಗೇನೂ ಕಾಣಲಿಲ್ಲ.

ಪೆಟ್ಟಿಗೆಯ ತಳದಲ್ಲಿ ಹಳೆಯ ರುಮಾಲಿನ ಒಂದು ಗಂಟು ಉಳಿದಿತ್ತು. ಮಾನಪ್ಪ ಅದನ್ನು ತೆಗೆಯಲಿಲ್ಲ. ಪೂಜ್ಯರು ಬೆತ್ತದ ತುದಿಯಿಂದ ಅದನ್ನು ತೋರಿಸಿದರು.

"ಅದು ಅಪ್ಪಂದ್ರಿ. ಅದನ್ನ ಹೊರಗ ತಗಿಯೂದಿಲ್ಲ."

"ಕಡಿಯೂದಿಲ್ಲೇನು?"

"ಯಪ್ಪಾ, ಅದು ಕಡದಂಗ ಯಾವದೂ ಕಡಿಯೂದಿಲ್ರಿ! ಸವದು ಹೋಗತೈತಿ ಅಂತ ಇಟ್ಟೇನಿ."

ಬಾಳವ್ವನಿಗೆ ತಡೆಯಲಾಗಲಿಲ್ಲ. "ಕಡಿಯೂದನ್ನ ಸುತ್ತಿ ಇಟ್ಟಾನ, ಕಡೀಲಾರದ್ದನ್ನ ಪೂಜಿ ಮಾಡ್ಯಾನ, ಎರಡನ್ನೂ ಹೊತ್ಕೊಂಡು ತಿರಗತಾನ. ಭುಜಾ ಉಳದದ್ದ ದೊಡ್ಡದು!"

ಪೂಜ್ಯರು ಆ ಉಳಿಗಳ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು. ಆಮೇಲೆ ಊರಿನ ಕ್ಷೇಮ ಕೇಳುವವರಂತೆ ಕೇಳಿದರು.

"ಮನ್ಯಾಗ ಗಣಪ್ಪನ್ನ ಕೂಡಸ್ತೀರೇನು?"

"ಕೂಡಸ್ತೀವ್ರಿ. ಈ ಸಲಾನೂ ಐದು ದಿನಾ ಇಟ್ಟಿದ್ವಿ."

"ಆಮ್ಯಾಲೆ?"

"ಬಾವ್ಯಾಗ ಬಿಟ್ವಿ."

"ಸಿಟ್ಟಾದನೇನು?"

"ಯಾಕ ಸಿಟ್ಟಾಗತಾನ್ರಿ? ಮುಂದಿನ ವರ್ಷ..." ಮಾನಪ್ಪ ಅಲ್ಲಿಗೇ ನಿಂತ. ಕಟ್ಟೆಯ ಮೇಲಿನ ಉಳಿಗಳನ್ನು ನೋಡಿದ. ಪೂಜ್ಯರನ್ನು ನೋಡಿದ. ಮತ್ತೆ ಉಳಿಗಳನ್ನು ನೋಡಿದ.

ಪೂಜ್ಯರು ಎದ್ದರು. "ಬಾಗಲಾ ನೋಡು," ಎಂದರು. "ಅಪ್ಪನ ಉಳೀಲೆ."

ಅಂದು ಅವರು ಆಡಿದ ದೊಡ್ಡ ಮಾತು ಇಷ್ಟೇ. ಕೊಟ್ರಯ್ಯನವರು ಇನ್ನೇನಾದರೂ ಬರಬಹುದೆಂದು ಕಾದರು. ಪೂಜ್ಯರು ಬಾಳವ್ವನನ್ನು ರೊಟ್ಟಿ ಆಯಿತೇನೆಂದು ಕೇಳಿದರು.

ಮಾನಪ್ಪ ಗಂಟು ಬಿಚ್ಚಿದ. ಅಪ್ಪನ ಉಳಿಗಳು ಹೊಳೆಯುತ್ತಿರಲಿಲ್ಲ. ಹಿಡಿಗಳು ಕೈಯ ಎಣ್ಣೆ ಕುಡಿದು ಕಪ್ಪಾಗಿದ್ದವು. ಅಪ್ಪ ಸಂತೆಯಲ್ಲಿ ಉಳಿ ಕೊಳ್ಳುತ್ತಿದ್ದದ್ದು ಅವನಿಗೆ ನೆನಪಾಯಿತು. ಹಿಡಿಯ ಬಣ್ಣ ನೋಡುತ್ತಿರಲಿಲ್ಲ. ದಾರದಲ್ಲಿ ಇಳಿಬಿಟ್ಟು, ಮೊಳೆಯಿಂದ ಒಮ್ಮೆ ತಟ್ಟಿ, ಕಿವಿಯ ಹತ್ತಿರ ಹಿಡಿಯುತ್ತಿದ್ದ. ದನಿ ಗುಡಿಯ ಗಂಟೆಯಂತೆ ಎಳೆದರೆ ಚೀಲಕ್ಕೆ, ಇಲ್ಲದಿದ್ದರೆ ಅಂಗಡಿಯವನಿಗೆ. ಇಡೀ ಸಂತೆ ಸುತ್ತಿ ಬರಿಗೈಯಲ್ಲಿ ಮನೆಗೆ ಬಂದ ದಿನಗಳೇ ಹೆಚ್ಚು.

ಬಾವಿಯ ನೀರು ಹಾಕಿ ಸಾಣೆಕಲ್ಲಿನ ಮೇಲೆ ಉಳಿ ಮಸೆದ. ಬಾಗಿಲನ್ನು ಇಬ್ಬರು ಭಕ್ತರಿಂದ ಕೀಳಿಸಿ ಅಂಗಳದಲ್ಲಿ ಮಲಗಿಸಿದ. ನೆಲದ ಮೇಲಿನ ಕೆಲಸಕ್ಕೆ ಭುಜ ಏಳಬೇಕಾಗಿರಲಿಲ್ಲ. ಬಾಗಿಲು ತಿರುಗುವ ಬಿಜಾಗರಿ ಕೂರುವ ಜಾಗ ಸಡಿಲಾಗಿತ್ತು. ಸ್ವಲ್ಪ ಮೇಲೆ ಹೊಸ ಜಾಗ ಕಡಿಯಬೇಕಿತ್ತು. ಉಳಿಯಿಟ್ಟು ಕಟ್ಟಿಗೆಯ ಕೊಡತಿಯಿಂದ ತಟ್ಟಿದ. ಬಾಗಿಲಿನ ಗಟ್ಟಿ ಮತ್ತಿ ಕಟ್ಟಿಗೆ ಮಾಗಿದ ಪಪ್ಪಾಯಿಯಂತೆ ಬಿಟ್ಟುಕೊಟ್ಟಿತು. ಮಾನಪ್ಪ ತಟ್ಟುವುದನ್ನು ನಿಲ್ಲಿಸಿ ಉಳಿಯನ್ನೇ ನೋಡಿದ. ತಾನು ಸಂತೆಯಲ್ಲಿ ಕೊಂಡ ಉಳಿಗಳ ಮೇಲೆ ಅವನು ಮೈಯ ಬಲವನ್ನೆಲ್ಲ ಹಾಕಿ ಹೊಡೆಯುತ್ತಿದ್ದ. ಇದು ಹೊಡೆತವನ್ನೇ ಕೇಳುತ್ತಿರಲಿಲ್ಲ.

"ಯಾಕೋ, ಅಳಾಕತ್ತೀಯಲ್ಲ?" ಎಂದಳು ಬಾಳವ್ವ.

"ಪುಡಿ ಬಿತ್ತು, ಯವ್ವಾ."

ಕಟ್ಟಿಗೆ ಹಸಿಯಾಗಿತ್ತು. ಪುಡಿ ಹಾರುವ ಸ್ಥಿತಿಯಲ್ಲಿರಲಿಲ್ಲ.

ಒಂದು ರಂದದಿಂದ ಬಾಗಿಲ ಅಂಚು ಕೀಸಿದ, ಬಿಜಾಗರಿ ಕೂರಿಸಿದ, ಬಾಗಿಲು ನಿಲ್ಲಿಸಿದ. ಊಟದ ಹೊತ್ತಿಗೆ ಅದು ಟಪ್ಪೆಂದು ಮುಚ್ಚಿತು. ಮೂಲೆಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದ ಬೆಕ್ಕು ಎದ್ದು ಹೋಯಿತು. ಕೆಲಸಕ್ಕೆ ಬೇಕಾದ ಸಾಮಾನುಗಳು ಮಾನಪ್ಪನ ಬಲಗಡೆ ಬಿದ್ದಿದ್ದವು. ಉಡಿಯಲ್ಲಿ ಹಿಡಿಯುವಷ್ಟು. ಬೇರೆ ಕೆಲಸಗಳನ್ನೆಲ್ಲ ನೆನಪಿಸಿಕೊಂಡು, ಒಂದು ಒಳ್ಳೆಯ ಗರಗಸ, ಕೆತ್ತಲು ತನ್ನ ಅಜ್ಜನ ಬಾಚಿ, ತೂತು ಕೊರೆಯಲು ಒಂದು ಬೈರಿಗೆಯನ್ನು ಅದಕ್ಕೆ ಸೇರಿಸಿದ. ಎಷ್ಟು ಯೋಚಿಸಿದರೂ ಅದಕ್ಕಿಂತ ಹೆಚ್ಚು ಸೇರಲಿಲ್ಲ. ಎಡಗಡೆ ಬೇಡವಾದ ಸಾಮಾನಿನ ಗುಡ್ಡೆ ಬಿದ್ದಿತ್ತು.

ಆಗ ಮಾನಪ್ಪ ಪೂಜ್ಯರ ಪಾದಕ್ಕೆ ತಲೆಯಿಟ್ಟ. ಅಲ್ಲಿ ಗಿಡ್ಡ ಬಾಗಿಲು ಯಾವುದೂ ಇರಲಿಲ್ಲ.

ಗಣಪ್ಪನಂತೆ ಆ ಸಾಮಾನನ್ನೂ ಬಾವಿಗೆ ಬಿಡುವ ವಿಸರ್ಜನೆಗೆ ಒಂದು ಅಡ್ಡಿ ಬಂತು. ಗುಡ್ಡೆಯನ್ನು ಹೊತ್ತು ಎಲ್ಲರೂ ಬಾವಿಯ ಕಡೆ ಹೊರಟಾಗ ಬಾಳವ್ವ ಬಾವಿಕಟ್ಟೆಗೆ ಬೆನ್ನು ಹಚ್ಚಿ ನಿಂತಳು. "ಊರವರು ಬಿಟ್ಟ ಗಣಪ್ಪನ ಮಣ್ಣು ಇನ್ನೂ ಕೆಳಗ ಕೂತಿಲ್ಲ. ಇದರಾಗ ತುಕ್ಕು ಬ್ಯಾರೆ ಹಾಕಿದ್ರಿ ಅಂದ್ರ ನಾಳೆ ಸಾರು ನೀವೇ ಕುಡೀರಿ!" ಭಕ್ತರು ಪೂಜ್ಯರ ಕಡೆ ನೋಡಿದರು. ಪೂಜ್ಯರು ಸಾರನ್ನು ನೆನೆದುಕೊಂಡಂತೆ ಕಂಡಿತು.

"ಕುಲುಮಿಗೆ ಕೊಡ್ರಿ," ಎಂದರು.

ನೀರಾದರೇನು, ಬೆಂಕಿಯಾದರೇನು, ದೇವರನ್ನು ಕಳುಹಿಸುವುದಕ್ಕೆ ಎರಡೂ ಸರಿಯೇ ಎಂದು ಕೊಟ್ರಯ್ಯನವರು ಕೂಡಲೇ ಸಮರ್ಥಿಸಿದರು. ಉಳಿಗಳಿಗೆ ಕೊನೆಯ ಸಲ ವಿಭೂತಿ ಹಚ್ಚಿ, ಆರತಿ ಬೆಳಗಿ, ಭಜನೆಯೊಂದಿಗೆ ಕಮ್ಮಾರನ ಮನೆಗೆ ಮೆರವಣಿಗೆ ಹೋಯಿತು. ಕಮ್ಮಾರ ತನ್ನ ಮನೆಗೆ ಇಷ್ಟು ಜನ ಯಾಕೆ ಬರುತ್ತಿದ್ದಾರೆಂದು ಗಾಬರಿಯಾಗಿ ಹಿಂಬಾಗಿಲಿನಿಂದ ಹೊರಗೆ ಹೋಗಿದ್ದ. ಕರೆತಂದರು.

ಮಾನಪ್ಪ ಹೊರಡುವಾಗ ಪೂಜ್ಯರು ತಮ್ಮ ಹಳೆಯ ಜೋಳಿಗೆಯನ್ನು ಅವನ ಎಡಹೆಗಲಿಗೆ ತಾವೇ ಹಾಕಿದರು. ಉಳಿಯ ಬಾಯಿಗಳಿಗೆ ಬಾಳವ್ವ ಹಳೆಯ ಸೈಕಲ್ ಟ್ಯೂಬಿನ ತುಂಡುಗಳನ್ನು ತೊಡಿಸಿಕೊಟ್ಟಳು. ಅವನು ಹೆಬ್ಬಾಗಿಲು ದಾಟಿ, ಸ್ವಲ್ಪ ದೂರ ಹೋಗಿ ನಿಂತು, ಏನನ್ನೋ ಮರೆತವನಂತೆ ಹೆಗಲು ಮುಟ್ಟಿ ನೋಡಿಕೊಂಡ. ಮತ್ತೆ ನಡೆದ. ಈ ಸಲ ಜೋರಾಗಿ ನಡೆದ.

ಕಾವಿ ಜೋಳಿಗೆ ಹಾಕಿದ ಬಡಿಗನನ್ನು ಕಂಡು ಕೆಲವು ಊರುಗಳಲ್ಲಿ ಹೆಣ್ಣುಮಕ್ಕಳು ಅದರಲ್ಲಿ ಜೋಳ ಹಾಕುತ್ತಿದ್ದರು. ಅದನ್ನು ಅವನು ದಾಸೋಹಕ್ಕೆ ತಂದು ಸುರಿಯುತ್ತಿದ್ದ. ಹಾಗೆ ಮಠಕ್ಕೆ ಬರುವುದು ರೂಢಿಯಾಯಿತು. ಮಹಾನವಮಿಯ ದಿನ ಪೂಜೆಗೆ ಕೂರಿಸಿದ ಸಾಮಾನು ಒಂದು ಮಣೆಯ ಮೇಲೆ ಹಿಡಿಯಿತು. ಮರುದಿನವೇ ಅದೆಲ್ಲ ಕೆಲಸಕ್ಕೆ ಹೊರಟಿತು, ವಿಭೂತಿ ಇರುವಾಗಲೇ.

ಪೆಟ್ಟಿಗೆ ಮಠದಲ್ಲೇ ಉಳಿಯಿತು. ಬಾಳವ್ವ ಅದರಲ್ಲಿ ಹಾಲು ಇಡುತ್ತಾಳೆ. ಆ ಉಳಿಗಳನ್ನು ಕಾಯಿಸಿ ಕಮ್ಮಾರ ಮಾಡಿಕೊಟ್ಟ ಇಕ್ಕಳ ಅವಳ ಒಲೆಯ ಹತ್ತಿರವಿದೆ. ದೊಡ್ಡ ಪಾತ್ರೆ ಹಿಡಿದರೆ ಈಗಲೂ ಮಡಚುತ್ತದೆ. ಕೊಟ್ರಯ್ಯನವರು ಈ ಪ್ರಸಂಗವನ್ನು ಪ್ರತಿ ಶ್ರಾವಣದಲ್ಲಿ ಹೇಳುತ್ತಾರೆ. ಅವರ ಪ್ರಕಾರ ಪೆಟ್ಟಿಗೆ ಎದ್ದಿತ್ತು.

ಮಾನಪ್ಪನ ಕೈ ದೀಪಾವಳಿಯ ಹೊತ್ತಿಗೆ ಭುಜದ ಮೇಲೆ ಏಳತೊಡಗಿತು. ಅಕ್ಕಿ ಗಿರಣಿಯವರು ಕಾವಲಿಗೆ ಬೇರೊಬ್ಬರನ್ನು ನೇಮಿಸಿಕೊಂಡರು.