ತಿಪ್ಪೇಶ ಸೈಕಲ್ ತುಳಿದದ್ದು

ಕತೆ ಕೇಳುವವರು ಸ್ವಲ್ಪ ಗೋಡೆಗೆ ಒತ್ತಿ ಕೂತುಕೊಳ್ಳಿ. ಈ ಕತೆಯಲ್ಲಿ ಒಂದು ಸೈಕಲ್ ಬರುತ್ತದೆ. ಅದನ್ನು ತುಳಿಯುವವನ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ.

ಹುಣಸೇಕಟ್ಟೆ ಅಂತ ಒಂದು ಊರು. ಅಲ್ಲಿ ಓಬವ್ವ ಅಂತ ಒಬ್ಬಳು ತಾಯಿ. ಅವಳಿಗೊಬ್ಬ ಮಗ, ತಿಪ್ಪೇಶ. ಮಗ ಒಳ್ಳೆಯವನು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಕಷ್ಟ.

ಮಾಡುವುದಕ್ಕೆ ಏನೂ ಹೇಳದಿದ್ದರೆ ಜಗಲಿ ಮೇಲೆ ಕೂತಿರುತ್ತಿದ್ದ. ಕೂತಲ್ಲೇ ಮುದ್ದೆ, ಕೂತಲ್ಲೇ ಕಡಲೆಕಾಯಿ, ಕೂತಲ್ಲೇ ನಿದ್ದೆ. ಹಾಗೇ ಊದಿದ, ಊದಿದ, ಒಂದು ದಿನ ಜಗಲಿಯಿಂದ ಏಳುವಾಗ ಎದೆ ಹಿಡಿದುಕೊಂಡ. ಓಬವ್ವನ ಜೀವ ಬಾಯಿಗೆ ಬಂತು. ಇದೇ ಜಗಲಿಯಿಂದ ಏಳುವಾಗ ಎದೆ ಹಿಡಿದುಕೊಂಡ ಅವನಪ್ಪ ಮತ್ತೆ ಏಳಲಿಲ್ಲ.

ಪೇಟೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ತಿಪ್ಪೇಶನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಮುಳ್ಳು ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು.

"ನೋಡಮ್ಮ, ಸದ್ಯಕ್ಕೆ ಎದೆಗೆ ಏನೂ ಆಗಿಲ್ಲ. ಆದರೆ ಯುಗಾದಿ ಹೊತ್ತಿಗೆ ಈ ತೂಕ ಇಳಿಯಲೇಬೇಕು. ಇಳಿಯದಿದ್ದರೆ ಇವರಪ್ಪನ ದಾರಿಯೇ. ಏನಪ್ಪಾ, ಸೈಕಲ್ ಬರುತ್ತಾ?"

"ಬರುತ್ತೆ ಸಾರ್. ಚಿಕ್ಕವನಿದ್ದಾಗ ಕಲಿತೆ."

"ಹಾಗಾದರೆ ದಿನಾ ಬೆಳಿಗ್ಗೆ ಸೈಕಲ್ ತಗೊಂಡು ಒಂದು ಸುತ್ತು ಊರು ಸುತ್ತಿ ಬಾ."

"ಆಯ್ತು ಸಾರ್" ಅಂದ ತಿಪ್ಪೇಶ.

ಸೋದರಮಾವನ ಅಟ್ಟದಿಂದ ಒಂದು ಹಳೇ ಸೈಕಲ್ ಇಳಿಯಿತು. ಕಬ್ಬಿಣದ್ದು, ಎಮ್ಮೆಕರುವಿನಷ್ಟು ಭಾರ. ಮಾರನೇ ಬೆಳಿಗ್ಗೆ ತಿಪ್ಪೇಶ ಎದ್ದ. ಸೈಕಲ್ಲಿನ ಹ್ಯಾಂಡಲ್ ಹಿಡಿದ. ತಳ್ಳಿಕೊಂಡು ಹೊರಟ. ಊರೆಲ್ಲ ನಡೆದು ಸುತ್ತಿದ.

"ಏನೋ ತಿಪ್ಪೇಶ, ಸೈಕಲ್ಲಿಗೆ ಕಾಲು ಉಳುಕಿದೆಯೇನೋ?" ಅಂದರು ಕಟ್ಟೆ ಮೇಲಿನವರು.

"ಇಲ್ಲಣ್ಣ, ಊರು ತೋರಿಸ್ತಾ ಇದೀನಿ."

ಮನೆಗೆ ಬಂದ. ಓಬವ್ವ ಹಣೆ ಹಣೆ ಬಡಿದುಕೊಂಡಳು. "ಅಯ್ಯೋ ಪೆದ್ದೇ! ಸೈಕಲ್ ಏನು ಹಸುವೇನೋ, ಹಿಡಕೊಂಡು ಹೋಗೋಕೆ? ಮೇಲೆ ಹತ್ತಿ ಕೂತು ಪೆಡಲ್ ತುಳೀಬೇಕು! ಮೈ ಬೆವರೋವರೆಗೂ ತುಳೀಬೇಕು!"

"ಆಯ್ತವ್ವಾ" ಅಂದ.

ಮಾರನೇ ಬೆಳಿಗ್ಗೆ ಅಂಗಳದಲ್ಲಿ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿತ್ತು. ತಿಪ್ಪೇಶ ಮೇಲೆ ಹತ್ತಿದ. ಕೂತ. ತುಳಿದ. ಹಿಂದಿನ ಚಕ್ರ ಗಿರ್ ಅಂತ ತಿರುಗಿತು. ತಿಪ್ಪೇಶ ಇದ್ದಲ್ಲೇ ಇದ್ದ. ಕೋಳಿಗಳೆಲ್ಲ ಸುತ್ತ ನಿಂತು ನೋಡಿದವು. ಅವ್ವ ನೀರಿಗೆ ಹೋಗಿ ಬಂದಾಗಲೂ ತುಳಿಯುತ್ತಲೇ ಇದ್ದ.

"ಎಲ್ಲಿಗೆ ಹೋಗಿದ್ಯೋ?"

"ಎಲ್ಲಿಗೂ ಇಲ್ಲ. ಹೋಗು ಅಂತ ನೀನೆಲ್ಲಿ ಹೇಳಿದೆ?"

"ಅಯ್ಯೋ ಪೆದ್ದೇ! ಸ್ಟ್ಯಾಂಡ್ ತೆಗೆದು ರಸ್ತೆಗೆ ಹೋಗಿ ತುಳಿ! ಏನಾದರೂ ಅಡ್ಡ ಬಂದರೆ ಬೆಲ್ ಹೊಡಿ. ದಾರಿ ಬಿಡೋವರೆಗೂ ಹೊಡಿ!"

"ಆಯ್ತವ್ವಾ" ಅಂದ.

ಮಾರನೇ ಬೆಳಿಗ್ಗೆ ಹೊರಟ. ಊರ ಮುಂದೆ ರಸ್ತೆ ನಡುವೆ ಬೇವಿನ ಮರ. ಅವರಜ್ಜನ ಕಾಲದಿಂದಲೂ ಅಲ್ಲೇ ಇದೆ. ತಿಪ್ಪೇಶ ನಿಂತು ಬೆಲ್ ಹೊಡೆದ. ಟ್ರಿಣ್ ಟ್ರಿಣ್! ಮರ ಜರುಗಲಿಲ್ಲ. ಟ್ರಿಣ್ ಟ್ರಿಣ್ ಟ್ರಿಣ್! ಐಸ್ ಕ್ಯಾಂಡಿ ಬಂತು ಅಂತ ಮಕ್ಕಳು ಲೋಟ ಹಿಡಿದು ಓಡಿ ಬಂದವು. ಮಕ್ಕಳು ಬಂದವು, ಮಕ್ಕಳು ಹೋದವು, ಬಿಸಿಲು ನೆತ್ತಿಗೆ ಬಂತು. ಮರ ಮಾತ್ರ ಜರುಗಲಿಲ್ಲ.

"ಅವ್ವಾ, ಆ ಮರಕ್ಕೆ ಕಿವಿ ಕೇಳಲ್ಲ" ಅಂದ ಮನೆಗೆ ಬಂದು.

"ನಿನಗೆ ಬುದ್ಧಿಮಾತು ಕೇಳಲ್ಲ! ಜರುಗದೇ ಇರೋದು ಅಡ್ಡ ಸಿಕ್ಕಿದರೆ ಬದಿಯಿಂದ ಸುತ್ತು ಹಾಕಿ ಹೋಗಬೇಕು ಕಣೋ!"

"ಆಯ್ತವ್ವಾ" ಅಂದ.

ಮಾರನೇ ಬೆಳಿಗ್ಗೆ ಮರ ಸುತ್ತು ಹಾಕಿ ದಾಟಿದ. ಮುಂದೆ ಡಾಂಬರು ರಸ್ತೆ. ಅಲ್ಲಿ ರುದ್ರಜ್ಜ ಕಿತ್ತು ತಂದ ಹುರುಳಿ ಗಿಡ ಹರಡಿದ್ದ. ಹೋಗೋ ಬರೋ ಗಾಡಿಗಳೆಲ್ಲ ಮೇಲೆ ಹಾಯ್ದರೆ ಕಾಳು ಬಿಡುತ್ತದಲ್ಲ, ಅದಕ್ಕೆ. ತಿಪ್ಪೇಶ ಬೆಲ್ ಹೊಡೆದ. ಹುರುಳಿ ಜರುಗಲಿಲ್ಲ. ಸರಿ, ಸುತ್ತು ಹಾಕಬೇಕು. ರಸ್ತೆ ಇಳಿದ. ಜಾಲಿಮುಳ್ಳಿನೊಳಗೆ ನುಗ್ಗಿದ. ಚರಂಡಿಗೆ ಬಿದ್ದ.

"ಅಯ್ಯೋ ನಿನ್ನ!" ಅಂತ ಕೂಗಿದ ರುದ್ರಜ್ಜ. "ಮೇಲೇ ಬಾರೋ! ಲಾರಿಗೆ ಕಾಯ್ತಾ ಕೂತಿದೀನಿ. ನೀನು ಹಾಯ್ದರೆ ಲಾರಿ ಯಾಕೆ ಬೇಕು?"

ಓಬವ್ವ ಮುಳ್ಳು ಕೀಳುತ್ತಾ ಬೈದಳು. "ಅಯ್ಯೋ ಪೆದ್ದೇ! ರಸ್ತೆ ಮೇಲೆ ಹರಡಿರೋದು ತುಳೀಲಿ ಅಂತಾನೇ! ಮೇಲೇ ಹೋಗು. ಹೋಗಿ ಬಂದು, ಹೋಗಿ ಬಂದು ಮಾಡು. ಅವರಿಗೆ ಕಾಳು, ನಿನಗೆ ಪುಣ್ಯ."

"ಆಯ್ತವ್ವಾ" ಅಂದ.

ಇದೊಂದು ಸಲ ಸರಿಹೋಯಿತು. ಸುಗ್ಗಿ ಮುಗಿಯುವವರೆಗೂ ತಿಪ್ಪೇಶ ರುದ್ರಜ್ಜನ ಹುರುಳಿ ಮೇಲೆ ಹೋದ, ಬಂದ, ಹೋದ, ಬಂದ. ಚಕ್ರದ ಕೆಳಗೆ ಕಾಯಿ ಚಟ ಚಟ ಅನ್ನುತ್ತಿತ್ತು. ಕೆರೆ ಏರಿಯ ಇಳಿಜಾರಿನಲ್ಲಿ ಗಾಳಿ ಅಂಗಿಯೊಳಗೆ ನುಗ್ಗುತ್ತಿತ್ತು. ತಿಪ್ಪೇಶ ಒಬ್ಬನೇ ನಗುತ್ತಿದ್ದ. ಕೋಳಿ ಕೂಗುವ ಮುಂಚೆ ತಾನೇ ಎದ್ದು ಕೂರುತ್ತಿದ್ದ.

"ಅವ್ವಾ, ಇಳಿಜಾರಿನಲ್ಲಿ ಯಾರೋ ಹಿಂದಿನಿಂದ ಎತ್ತಿಕೊಂಡು ಹೋದ ಹಾಗಿರುತ್ತೆ."

"ನಿನ್ನ ಎತ್ತೋರು ಯಾರಪ್ಪಾ ಇದ್ದಾರೆ?" ಅಂದಳು ಅವ್ವ. ಆದರೆ ಅವಳಿಗೂ ನಗು ಬಂತು.

ಹುರುಳಿ ಮುಗಿಯಿತು. ಬಿಸಿಲು ಬಲಿಯಿತು. ಗಂಗವ್ವ ಮನೆ ಮುಂದಿನ ರಸ್ತೆಯಲ್ಲಿ ಹಳೇ ಪಂಚೆ ಹಾಸಿ ಸಂಡಿಗೆ ಹರಡಿದಳು. ತಿಪ್ಪೇಶ ಬಂದ. ರಸ್ತೆ ಮೇಲೆ ಹರಡಿದೆ. ಸರಿ. ಹೋದ, ಬಂದ. ಹೋದ, ಬಂದ. ಗಂಗವ್ವ ಪೊರಕೆ ಹಿಡಿದು ಓಡಿ ಬಂದಳು.

"ಏನೋ ಮಾಡ್ತಿದೀಯಾ, ಮನೆಹಾಳ!"

"ಕಾಳು ಬಿಡಿಸ್ತಿದೀನಿ ಗಂಗವ್ವಾ. ಇನ್ನೂ ಬಿಟ್ಟಿಲ್ಲ, ಇರು!"

ಪೊರಕೆ ಏಟು ತಿಂದು ಮನೆಗೆ ಬಂದ. ಹಿಂದೆಯೇ ಗಂಗವ್ವನ ಬೈಗುಳವೂ ಬಂತು.

"ಅಯ್ಯೋ ಪೆದ್ದೇ! ಪೆದ್ದೇ!" ಅಂತ ಅತ್ತಳು ಓಬವ್ವ. "ಇನ್ನು ಮೇಲೆ ನೆಲದ ಮೇಲೆ ಏನೇ ಹಾಸಿರಲಿ, ಇಳಿ. ಸೈಕಲ್ ಹೆಗಲ ಮೇಲೆ ಎತ್ತಿಕೊಂಡು ಹುಷಾರಾಗಿ ದಾಟು. ನಾನು ಇಳಿಸು ಅನ್ನೋವರೆಗೂ ಇಳಿಸಬೇಡ!"

"ಆಯ್ತವ್ವಾ" ಅಂದ.

ಅಷ್ಟರಲ್ಲಿ ಯುಗಾದಿ ಬಂತು. ಡಾಕ್ಟರಿಗೆ ತೋರಿಸುವ ದಿನ. ಓಬವ್ವ ರಾತ್ರಿಯೆಲ್ಲ ಕಣ್ಣು ಮುಚ್ಚಿರಲಿಲ್ಲ. ಬೆಳಿಗ್ಗೆ ಮನೆದೇವರಿಗೆ ಕೈ ಮುಗಿದಳು. ಸೈಕಲ್ಲಿನ ಹಿಂದೆ ಕ್ಯಾರಿಯರ್ ಮೇಲೆ ಕೂತಳು. ತಿಪ್ಪೇಶ ತುಳಿದ. ಏರು ಬಂತು, ತುಳಿದ. ಉಸಿರು ಹತ್ತಲಿಲ್ಲ. ಹಾಡು ಗುನುಗುತ್ತಾ ತುಳಿದ.

ಆಸ್ಪತ್ರೆ ಬಂತು. ಓಬವ್ವ ಇಳಿದು ಒಳಗೆ ಓಡಿದಳು. ತಿಪ್ಪೇಶ ಬಾಗಿಲಿಗೆ ಬಂದ. ಬಾಗಿಲಲ್ಲಿ ಕಾಲೊರೆಸಲು ಒಂದು ಗೋಣಿತಾಟು ಹಾಸಿತ್ತು.

ತಿಪ್ಪೇಶ ನಿಂತ. ನೋಡಿದ. ಸೈಕಲ್ ಹೆಗಲ ಮೇಲೆ ಎತ್ತಿಕೊಂಡ. ಹುಷಾರಾಗಿ ದಾಟಿದ.

ಡಾಕ್ಟರು ಏನೋ ಬರೆಯುತ್ತಿದ್ದರು. ತಲೆ ಎತ್ತಲಿಲ್ಲ. "ಬಂದೆಯಾ? ಹತ್ತು" ಅಂದರು. ತಿಪ್ಪೇಶ ಯಂತ್ರ ಹತ್ತಿದ. ಓಬವ್ವ ಗೋಡೆ ಕಡೆ ತಿರುಗಿ ಸೆರಗಿನಿಂದ ಕಣ್ಣು ಮುಚ್ಚಿಕೊಂಡಳು. ಡಾಕ್ಟರು ಬರೆದದ್ದನ್ನು ಓದುತ್ತಲೇ ಎದ್ದು ಬಂದು, ಬಗ್ಗಿ, ಮುಳ್ಳು ನೋಡಿದರು.

"ಏನಮ್ಮಾ ಇದು! ಮೊದಲಿಗಿಂತ ಜಾಸ್ತಿ ಆಗಿದೆಯಲ್ಲ!"

ಓಬವ್ವ ಅಲ್ಲೇ ಕುಸಿದು ಕೂತಳು. "ಹೋಯ್ತಲ್ಲಪ್ಪಾ! ಅಪ್ಪನ ದಾರೀನೇ ಹಿಡಿದೆಯಲ್ಲೋ! ಬೈದೂ ಬೈದೂ ನನ್ನ ಬಾಯಿ ಸವೆಯಿತು, ನಿನ್ನ ಮೈ ಸವೀಲಿಲ್ಲವಲ್ಲೋ!"

ಸೂಜಿಯ ತಟ್ಟೆ ಹಿಡಿದು ಸಿಸ್ಟರ್ ಬಂದಳು. ಬಾಗಿಲಲ್ಲೇ ನಿಂತಳು. "ಸಾರ್, ಇಬ್ಬರನ್ನೂ ಯಾಕೆ ಒಟ್ಟಿಗೆ ತೂಗ್ತಿದೀರಿ?"

"ಯಾವ ಇಬ್ಬರು?"

"ತಿಪ್ಪೇಶ ಒಬ್ಬ. ಅವನ ಸೈಕಲ್ಲು ಒಂದು."

ಡಾಕ್ಟರು ತಲೆ ಎತ್ತಿದರು. ಓಬವ್ವ ಸೆರಗು ತೆಗೆದಳು.

"ಇಳಿಸೋ ಅದನ್ನ!" ಅಂದರು ಡಾಕ್ಟರು.

"ಅವ್ವ ಹೇಳಬೇಕು ಸಾರ್."

"ಇಳಿಸಪ್ಪಾ, ನಮ್ಮಪ್ಪಾ, ಇಳಿಸು!" ಅಂದಳು ಓಬವ್ವ.

ಇಳಿಸಿದ. ಮುಳ್ಳು ಹಿಂದೆ ಬಂತು. ಮೊದಲಿದ್ದ ಜಾಗ ದಾಟಿ ಇನ್ನೂ ಹಿಂದೆ ಬಂತು. ಇನ್ನೂ ಹಿಂದೆ ಬಂದು ನಿಂತಿತು. ಡಾಕ್ಟರು ಕನ್ನಡಕ ಒರೆಸಿ ಮತ್ತೆ ನೋಡಿದರು. ಎದೆಗೆ ಕೊಳವೆ ಇಟ್ಟು ಕೇಳಿದರು. ನಕ್ಕರು.

"ಭೇಷ್! ಗಡಿಯಾರದ ಹಾಗಿದೆ. ನೋಡು ತಿಪ್ಪೇಶ, ಹೋದ ತೂಕ ಮತ್ತೆ ವಾಪಸ್ ಬರಬಾರದು. ಅದು ಕಳ್ಳನ ಹಾಗೆ ಗೊತ್ತಾಗದೇ ಬರುತ್ತೆ. ಹುಷಾರಾಗಿ ನೋಡ್ಕೋಬೇಕು."

"ಆಯ್ತು ಸಾರ್" ಅಂದ ತಿಪ್ಪೇಶ.

ಮಾರನೇ ದಿನ ತಿಪ್ಪೇಶ ಹೊರಟವನು ತಿಂಡಿಗೆ ಬರಲಿಲ್ಲ. ಊಟಕ್ಕೂ ಬರಲಿಲ್ಲ. ಓಬವ್ವ ಗಾಬರಿಯಾಗಿ ಊರ ಮುಂದಕ್ಕೆ ಓಡಿದಳು. ತಿಪ್ಪೇಶ ಕೈಯಲ್ಲೊಂದು ದೊಣ್ಣೆ ಹಿಡಿದು ಊರಿನ ಸುತ್ತ ಸೈಕಲ್ ತುಳಿಯುತ್ತಿದ್ದ. ಕೆರೆ ಏರಿ ನೋಡಿದ, ಬೇವಿನ ಮರದ ಹಿಂದೆ ಇಣುಕಿದ, ಮತ್ತೆ ತುಳಿದ.

"ಏನೋ ಇದು?"

"ಕಾವಲವ್ವಾ! ಹೋದ ತೂಕ ವಾಪಸ್ ಬರಬಾರದಂತೆ. ಯಾವ ದಾರೀಲಿ ಬರುತ್ತೋ ಗೊತ್ತಿಲ್ಲ. ಅದಕ್ಕೇ ಸುತ್ತುತ್ತಾ ಇದೀನಿ. ಬರಲಿ, ನಮ್ಮೂರಿಗೆ ಹೇಗೆ ಕಾಲಿಡುತ್ತೋ ನೋಡ್ತೀನಿ!"

ಓಬವ್ವ "ಅಯ್ಯೋ ಪೆ..." ಅಂದಳು. ಅಲ್ಲಿಗೇ ನಿಲ್ಲಿಸಿದಳು. ಮಗನ ಮುಖ ನೋಡಿದಳು. ಬೆವರು ಇತ್ತು, ನಗು ಇತ್ತು, ಏದುಸಿರು ಇರಲಿಲ್ಲ.

"ಕಾಯಪ್ಪಾ, ಕಾಯಿ" ಅಂದಳು. "ಊಟಕ್ಕೆ ಬಾ. ಉಂಡು ನಾಳೆಯೂ ಕಾಯಿ. ನಾಳಿದ್ದೂ ಕಾಯಿ. ಬಲು ಕಳ್ಳ ಅದು."

"ಆಯ್ತವ್ವಾ" ಅಂದ. ಇವತ್ತಿಗೂ ಕಾಯುತ್ತಿದ್ದಾನೆ. ನೀವು ಹುಣಸೇಕಟ್ಟೆಗೆ ಹೋಗುವುದಾದರೆ ಹೊಟ್ಟೆ ಸ್ವಲ್ಪ ಒಳಗೆ ಎಳೆದುಕೊಂಡು ಹೋಗಿ. ತನ್ನ ತೂಕವನ್ನು ನೀವೇ ವಾಪಸ್ ತಂದಿದ್ದೀರಿ ಅಂತ ಅವನು ಊರೊಳಗೆ ಬಿಡುವುದಿಲ್ಲ.