ನೀಲವ್ವನ ಕಣ್ಣು, ಥಳಕಪ್ಪನ ಮಾನಿಟರ್

ಹತ್ತಿರ ಬನ್ನಿ ಮಕ್ಕಳೇ, ಕಾಲು ಮಡಚಿ ಕೂತ್ಕೊಳ್ಳಿ. ಮುತ್ತಗಿರಿ ಅಂತ ಒಂದು ರಾಜ್ಯ. ಆ ರಾಜ್ಯಕ್ಕೊಬ್ಬ ರಾಜ. ಅವನಿಗೆ ಕಿರೀಟವೂ ಇತ್ತು, ಕಂಪ್ಯೂಟರೂ ಇತ್ತು. ಅರಮನೆಯ ಸೀರೆಗಳಿಗೆ ಅಂಚು, ಸೆರಗು, ಬಣ್ಣ ಎಲ್ಲ ಕಂಪ್ಯೂಟರಿನಲ್ಲಿ ಬರೆದುಕೊಡುವವಳು ನೀಲವ್ವ. ಅವಳು ಬರೆದ ಹಾಗೆ ಮಗ್ಗದವರು ನೇಯುತ್ತಿದ್ದರು.

ಒಂದು ದಿನ ನೀಲವ್ವ ಮೆಟ್ಟಿಲಲ್ಲಿ ಜಾರಿ ಮಂಡಿ ಮುರಿದುಕೊಂಡಳು. ರಾಜ ತಾನೇ ನೋಡಲು ಬಂದ.

"ಅರಮನೆಗೆ ಬರೋದು ಬೇಡ ತಾಯಿ, ಮನೇಲೇ ಕೂತು ಕೆಲಸ ಮಾಡು. ಮಗಳ ಮದುವೆ ಹತ್ತಿರ ಬಂತು. ಧಾರೆ ಸೀರೆ ನಿನ್ನ ಕೈಯಿಂದಲೇ ಆಗಬೇಕು. ಒಳ್ಳೇ ಮಾನಿಟರ್ ಒಂದನ್ನ ಕಳಿಸೋಕೆ ಹೇಳ್ತೀನಿ" ಅಂದ.

ಅರಮನೆಗೆ ಸಾಮಾನು ಕೊಡುವ ವ್ಯಾಪಾರಿ ಒಬ್ಬನಿದ್ದ. ಮಾತೆಲ್ಲ ಮಿರಮಿರ. ಜನ ಅವನನ್ನ ಥಳಕಪ್ಪ ಅಂತಲೇ ಕರೀತಿದ್ದರು. ರಾಜ ಕೊಟ್ಟದ್ದು ಒಳ್ಳೇ ಮಾನಿಟರಿನ ದುಡ್ಡು. ಥಳಕಪ್ಪ ಹೊರಿಸಿಕೊಂಡು ಬಂದದ್ದು ಅಂಗಡೀಲಿ ಯಾರಿಗೂ ಬೇಡವಾಗಿ ಉಳಿದದ್ದು.

ಮೊದಲನೆಯದು ಥಳಥಳ ಹೊಳೆಯಿತು, ಥೇಟ್ ಕನ್ನಡಿ. ನೀಲವ್ವ ಎದುರಿಗೆ ಕೂತಳು. ಕಿಟಕಿ ಕಂಡಿತು, ತನ್ನ ಮುಖ ಕಂಡಿತು, ಹಿಂದೆ ಅಡುಗೆಮನೆಯಲ್ಲಿ ಸಾರು ತಿರುವುತ್ತಿದ್ದ ಗಂಡ ಗುರುಪಾದ ಕಂಡ.

"ರೀ, ಇದರಲ್ಲಿ ಸೀರೆ ಕಾಣಲ್ಲ, ಸೌಟು ಹಿಡಿದ ನೀವು ಕಾಣ್ತೀರಿ."

"ನೋಡೋಕೆ ಚೆನ್ನಾಗಿದೀನಾ?" ಅಂದ ಗುರುಪಾದ.

ಇಬ್ಬರೂ ನಕ್ಕರು. ಆದರೆ ಸಂಜೆ ಹೊತ್ತಿಗೆ ಅವಳ ಕಣ್ಣಲ್ಲಿ ನೀರು ಸುರಿಯತೊಡಗಿತು. ಥಳಕಪ್ಪನಿಗೆ ಹೇಳಿಕಳಿಸಿದರೆ, "ಮಾನಿಟರಲ್ಲಿ ತಪ್ಪಿಲ್ಲ ತಾಯಿ, ನಿಮ್ಮ ಕಣ್ಣಲ್ಲೇ ಏನೋ ಇದೆ" ಅಂದು ಇನ್ನೊಂದು ತಂದಿಟ್ಟ.

ಎರಡನೆಯದು ಬಾಗಿಲಿನಷ್ಟು ದೊಡ್ಡದು. ಅಕ್ಷರಗಳು ನುಚ್ಚಕ್ಕಿ ಚೆಲ್ಲಿದ ಹಾಗೆ ಒಡೆದೊಡೆದು ಕಂಡವು. ಮಾವಿನಕಾಯಿ ಅಂಚಿನ ನುಣುಪು ಗೆರೆ ಮೆಟ್ಟಿಲು ಮೆಟ್ಟಿಲಾಯಿತು. ಮಾನಿಟರನ್ನ ಮೇಲೆತ್ತೋಣ ಅಂದರೆ ಏರದು, ಕೆಳಗಿಳಿಸೋಣ ಅಂದರೆ ಇಳಿಯದು. ನೀಲವ್ವನ ಕತ್ತು ಹಿಡಿದುಕೊಂಡಿತು.

"ಮಾನಿಟರಲ್ಲಿ ತಪ್ಪಿಲ್ಲ ತಾಯಿ, ನಿಮಗೆ ವಯಸ್ಸಾಯ್ತು" ಅಂದ ಥಳಕಪ್ಪ. ಮತ್ತೊಂದು ತಂದಿಟ್ಟ.

ಮೂರನೆಯದು ಹೊಳೆಯಲಿಲ್ಲ, ಅಕ್ಷರ ಒಡೆಯಲಿಲ್ಲ. ನೀಲವ್ವ ಹಿಗ್ಗಿದಳು. ಕುಂಕುಮದ ಕೆಂಪು ಆರಿಸಿ ಮಗ್ಗದ ಮನೆಗೆ ಕಳಿಸಿದಳು. ಒಂದು ಗೇಣು ನೇಯ್ದು ತಂದರು. ನೋಡಿದರೆ ಇಟ್ಟಿಗೆ ಬಣ್ಣ! ಮತ್ತೆ ಆರಿಸಿದಳು. ಮತ್ತೆ ಇಟ್ಟಿಗೆ. ಇವಳು ಕಂಡ ಬಣ್ಣವೇ ಒಂದು, ಮಗ್ಗಕ್ಕೆ ಹೋದ ಬಣ್ಣವೇ ಒಂದು.

ಥಳಕಪ್ಪ ಲೊಚಗುಟ್ಟಿದ. "ಪಾಪ, ನಿಮಗೆ ಬಣ್ಣವೇ ತಿಳೀತಿಲ್ಲ. ಕೆಲಸ ಬೇರೆಯವರಿಗೆ ಬಿಟ್ಟುಕೊಡಿ ತಾಯಿ."

ಒಂದೇ ಸುಳ್ಳನ್ನ ಮೂರು ಸಲ ಕೇಳಿದರೆ ಯಾರಿಗಾದರೂ ನಿಜ ಅನ್ನಿಸುತ್ತೆ. ನೀಲವ್ವ ಮಾನಿಟರಿಗೆ ಬಟ್ಟೆ ಮುಚ್ಚಿ ಅಳುತ್ತಾ ಕೂತಳು.

"ರೀ, ನನ್ನ ಕಣ್ಣು ಹೋಯ್ತು. ಮಗ್ಗದವರ ರೇಷ್ಮೆ ನನ್ನಿಂದ ಹಾಳಾಯ್ತು. ಈ ಕೆಲಸ ಬಿಟ್ಟು ನಾನು ಹೇಗಿರಲಿ?"

ಗುರುಪಾದ ರೇಷ್ಮೆ ನೂಲಿನ ಲಡಿಗಳನ್ನ ತಂದು ಅವಳ ಮಡಿಲಲ್ಲಿ ಸುರಿದ. "ಕುಂಕುಮದ ಬಣ್ಣ ಯಾವುದು?" ಅಂದ. ಎತ್ತಿಕೊಟ್ಟಳು. "ದಾಳಿಂಬೆ ಹೂವಿಂದು?" ಎತ್ತಿಕೊಟ್ಟಳು. "ಇಟ್ಟಿಗೆದು?" ಅದನ್ನೂ ತಡವರಿಸದೆ ಎತ್ತಿಕೊಟ್ಟಳು.

"ನಿನ್ನ ಕಣ್ಣಿಗೇನೂ ಆಗಿಲ್ಲ ನೀಲಾ. ಸುಳ್ಳು ಹೇಳ್ತಿರೋದು ಆ ಮಾನಿಟರು. ಅದಕ್ಕಿಂತ ದೊಡ್ಡ ಸುಳ್ಳ ಅದನ್ನ ತಂದೋನು."

ನೀಲವ್ವ ಕಣ್ಣೊರೆಸಿಕೊಂಡಳು. ಯಾರಿಗೋ ಗುಟ್ಟಾಗಿ ಹೇಳಿಕಳಿಸಿದಳು. ಆಮೇಲೆ, "ನಾಳೆ ನಾಲ್ಕು ರೊಟ್ಟಿ ಜಾಸ್ತಿ ತಟ್ಟಿ. ಊಟಕ್ಕೆ ಜನ ಬರ್ತಾರೆ" ಅಂದಳು.

ಮರುದಿನ ಬಂದವನು ಯಾರು ಅಂತೀರಿ? ರಾಜ! ಅಡುಗೆಮನೆಯಲ್ಲಿ ಮಣೆ ಹಾಕಿಸಿಕೊಂಡು, ಬಾಗಿಲ ಮರೆಯಲ್ಲಿ ರೊಟ್ಟಿ ಎಣ್ಣೆಗಾಯಿ ತಿನ್ನುತ್ತಾ ಕೂತ. ಆಮೇಲೆ ಥಳಕಪ್ಪನನ್ನ ಕರೆಸಿದರು. ಪಡಸಾಲೆಯಲ್ಲಿ ಮಗ್ಗದ ಅಜ್ಜ ಕೂತಿದ್ದ.

ನೀಲವ್ವ ಹೇಳಿದಳು: "ನಿಮ್ಮ ಮಗಳಿಗೂ ಮದುವೆ ಗೊತ್ತಾಗಿದೆಯಂತೆ. ಆ ಧಾರೆ ಸೀರೆ ನನ್ನ ಉಡುಗೊರೆ. ನನ್ನ ಕಣ್ಣಂತೂ ಹೋಯ್ತು, ನಿಮ್ಮ ಕಣ್ಣು ಚೆನ್ನಾಗಿದೆ. ಈ ಮಾನಿಟರಲ್ಲಿ ನೀವೇ ಬಣ್ಣ ಆರಿಸಿ. ಅಜ್ಜ ಈಗಲೇ ಹೋಗಿ ರೇಷ್ಮೆಗೆ ಬಣ್ಣ ಹಾಕಿಸ್ತಾರೆ."

ಥಳಕಪ್ಪ ಉಬ್ಬಿ ಕೂತ. ಒಂದು ಕೆಂಪಿನ ಮೇಲೆ ಬೆರಳಿಟ್ಟ.

"ಇದೇನಾ?" ಅಂದ ಅಜ್ಜ.

"ಹೂಂ... ಬೇಡ ಬೇಡ."

ಇನ್ನೊಂದರ ಮೇಲಿಟ್ಟ. "ಇದಾ?"

"ತಡೀರಿ..."

ಮೂರನೆಯದರ ಮೇಲಿಟ್ಟ. ಅಜ್ಜ ಕೋಲೂರಿ ಎದ್ದ. "ಹಾಗಾದ್ರೆ ಹೊರಡ್ಲಾ?"

ಥಳಕಪ್ಪ ಅವನ ಕೈ ಹಿಡಿದ. "ಅಯ್ಯಯ್ಯೋ! ಇದರ ಬಣ್ಣ ನಂಬಿ ನನ್ನ ಮಗಳ ಸೀರೆ ಕೆಡಿಸಬೇಡ! ಒಳ್ಳೇದು ನನ್ನ ಮನೇಲಿದೆ. ರಾಜರು ಇವರಿಗೆ ಅಂತ ಹೇಳಿದ್ದು..." ಅಂದವನೇ ನಾಲಿಗೆ ಕಚ್ಚಿಕೊಂಡ.

ರಾಜ ಅರ್ಧ ರೊಟ್ಟಿ ಕೈಯಲ್ಲೇ ಹಿಡಿದು ಹೊರಗೆ ಬಂದ. "ನಿನ್ನ ಮಗಳು ಮಗಳು. ನನ್ನ ಮಗಳು ಮಗಳಲ್ಲವೇನಯ್ಯಾ? ಈ ತಾಯಿ ಯಾರ ಮಗಳೂ ಅಲ್ಲವಾ?"

ಥಳಕಪ್ಪನ ಮುಖ ಸುಣ್ಣ ಬಳಿದಂತಾಯಿತು. ಒಳ್ಳೇ ಮಾನಿಟರನ್ನ ತಾನೇ ತಲೆ ಮೇಲೆ ಹೊತ್ತು, ಪೇಟೆ ಬೀದಿಯಲ್ಲಿ ಎಲ್ಲರ ಎದುರು ನಡೆದು ತಂದ. ಹಾಳಾದ ರೇಷ್ಮೆಯ ನಷ್ಟ ತುಂಬಿಕೊಟ್ಟ. ಅರಮನೆಯ ವ್ಯಾಪಾರ ಕಳಕೊಂಡ.

ನೀಲವ್ವ ಆ ಹೊಸ ಮಾನಿಟರನ್ನೂ ಸುಮ್ಮನೆ ನಂಬಲಿಲ್ಲ. ಬೆಳಕು ಎದುರಿಗೆ ಹೊಡೆಯದ ಹಾಗೆ ಕಿಟಕಿಯ ಪಕ್ಕಕ್ಕಿಟ್ಟಳು. ಒಂದು ತೋಳು ದೂರ ಸರಿಸಿದಳು. ಕಣ್ಣಿನ ಮಟ್ಟಕ್ಕೆ ಎತ್ತರ ಮಾಡಿದಳು. ಸಣ್ಣ ಅಕ್ಷರ ಓದಿ, ನೂಲಿನ ಲಡಿ ಪಕ್ಕದಲ್ಲಿ ಹಿಡಿದು ಬಣ್ಣ ನೋಡಿದಳು.

"ಹೇಗಿದೆ?" ಅಂದ ಗುರುಪಾದ.

"ಮಾನಿಟರ್ ಇದೆ ಅನ್ನೋದೇ ಗೊತ್ತಾಗಲ್ಲ ರೀ. ಬರೀ ಸೀರೆ ಕಾಣುತ್ತೆ."

ರಾಜಕುಮಾರಿಯ ಸೀರೆ ಕುಂಕುಮದ ಬಣ್ಣಕ್ಕೇ ಬಂತು. ಥಳಕಪ್ಪನ ಮಗಳದ್ದೂ ಹಾಗೇ ಬಂತು. ಆ ಹುಡುಗಿ ಏನು ತಪ್ಪು ಮಾಡಿದ್ದಳು ಹೇಳಿ!

ಕೇಳಿದಿರಲ್ಲ ಮಕ್ಕಳೇ? ಅಂಗಡಿಯ ಹೊಳಪಿಗೆ ಮರುಳಾಗಬೇಡಿ. ನೀವು ಕೂರೋ ಜಾಗದಲ್ಲಿ, ನಿಮ್ಮ ಮನೆ ಬೆಳಕಿನಲ್ಲಿ, ನಿಮ್ಮದೇ ಕೆಲಸ ಇಟ್ಟು ನೋಡಿ ಸಾಮಾನು ಕೊಳ್ಳಿ. ಮಾರುವವನು "ನಿನ್ನ ಕಣ್ಣೇ ಸರಿಯಿಲ್ಲ" ಅಂದರೆ, ಮೊದಲು ಅವನನ್ನ ಅನುಮಾನಿಸಿ, ಆಮೇಲೆ ಬೇಕಾದರೆ ನಿಮ್ಮ ಕಣ್ಣನ್ನ.